ಮಾರುತಿ 800 ಕ್ಲಚ್: ಗೇರ್ ಬಾಕ್ಸ್ ಎರಡು ಸಲ ಇಳಿಸಿದ ಲೆಕ್ಕ

ಗಾಡಿ ಮಾರುತಿ 800, 2004ರ ಮಾಡೆಲ್, 796 ಸಿಸಿ, ನಾಲ್ಕು ಗೇರ್. ಇಲ್ಲಿಯವರೆಗೆ ಓಡಿದ್ದು 96,400 ಕಿ.ಮೀ. ಅಪ್ಪ ಹೊಸದಾಗಿ ತಂದ ಗಾಡಿ. ಈಗಲೂ ಅವರನ್ನು ಮಡಿಕೇರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಇದರಲ್ಲೇ. ನಮ್ಮ ಮನೆ ಚೇರಂಬಾಣೆ ಕಡೆ. ಟಾರು ರಸ್ತೆ ಬಿಟ್ಟ ಮೇಲೆ ತೋಟದೊಳಗೆ ಸುಮಾರು 300 ಮೀಟರ್ ಏರು ಹತ್ತಬೇಕು, ಏರಿನ ಮಧ್ಯದಲ್ಲೇ ಗೇಟು. ಈ ಗೇಟಿನ ವಿಷಯ ಆಮೇಲೆ ಬರುತ್ತದೆ.

ಕ್ಲಚ್ ಅಂದರೆ ಎಂಜಿನ್ನಿನ ಎಳೆತವನ್ನು ಗೇರ್ ಬಾಕ್ಸಿಗೆ ಸೇರಿಸುವ, ಬಿಡಿಸುವ ಭಾಗ. ಅದನ್ನು ಹಿಂದೆ ಒಮ್ಮೆ, 2013ರಲ್ಲಿ, ಗ್ಯಾರೇಜಿನಲ್ಲಿ ಹಾಕಿಸಿದ್ದೆವು. ಈ ಸಲ ಭಾವ ಮತ್ತು ನಾನು ಮನೆಯಲ್ಲೇ ಮಾಡಿದೆವು. ತಪ್ಪುಗಳನ್ನೂ ಸೇರಿಸಿ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೆ. ಅದೇ ಇದು.

ಏಪ್ರಿಲ್ 12, 2025, ಶನಿವಾರ

ಸುಳ್ಯದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿ ವಾಪಸ್ ಬರುತ್ತಿದ್ದೆವು. ಗಾಡಿಯಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಹಲಸಿನಕಾಯಿ. ಸಂಪಾಜೆ, ಕೊಯನಾಡು ದಾಟುವವರೆಗೆ ಏನೂ ಗೊತ್ತಾಗಲಿಲ್ಲ. ಜೋಡುಪಾಲದ ಹತ್ತಿರ ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮಾತ್ರ ರೇಸ್ ಆಯಿತು, ಗಾಡಿ ಎಳೆಯಲಿಲ್ಲ. ಎರಡನೇ ಗೇರಿಗೆ ಇಳಿಸಿದೆ. ಅಲ್ಲೂ ಅದೇ. ಒಂದು ನಿಮಿಷದಲ್ಲಿ ಸುಟ್ಟ ವಾಸನೆ ಒಳಗೆಲ್ಲ ತುಂಬಿತು.

ಪಕ್ಕಕ್ಕೆ ನಿಲ್ಲಿಸಿ ಇಪ್ಪತ್ತೈದು ನಿಮಿಷ ಆರಲು ಬಿಟ್ಟೆವು. ಅಮ್ಮ ಮತ್ತು ತಂಗಿ ಹಲಸಿನಕಾಯಿ ಸಮೇತ ಮಡಿಕೇರಿ ಬಸ್ ಹತ್ತಿದರು. ಅಪ್ಪ ನನ್ನ ಜೊತೆ ಉಳಿದರು. ಆಮೇಲೆ ಮೊದಲನೇ ಗೇರಿನಲ್ಲಿ, ಆಕ್ಸಿಲರೇಟರ್ ಬಹಳ ಕಡಿಮೆ ಕೊಟ್ಟು, ಹತ್ತು ಹನ್ನೆರಡು ಕಿ.ಮೀ. ವೇಗದಲ್ಲಿ ಹತ್ತಿಸಿದೆ. ಹೀಗೆ ಮಾಡಿದರೆ ಕ್ಲಚ್ ಜಾರುವುದು ಬಹಳ ಕಮ್ಮಿ. ಜೋರಾಗಿ ಒತ್ತಿದಷ್ಟೂ ಜಾರುತ್ತದೆ, ಬಿಸಿಯಾಗುತ್ತದೆ, ಇನ್ನೂ ಜಾರುತ್ತದೆ. ಮದೆನಾಡಿನಲ್ಲಿ ಇನ್ನೊಮ್ಮೆ ನಿಲ್ಲಿಸಿದೆವು. ಮನೆ ಮುಟ್ಟಿದಾಗ ರಾತ್ರಿ ಒಂಬತ್ತು ದಾಟಿತ್ತು. ಗಾಡಿಯನ್ನು ಕೆಳಗೆ ರಸ್ತೆ ಪಕ್ಕವೇ ಬಿಟ್ಟು ನಡೆದು ಹತ್ತಿದೆವು.

ಏಪ್ರಿಲ್ 13

ಬೆಳಿಗ್ಗೆ ತಣ್ಣಗಿದ್ದಾಗ ನಿಧಾನಕ್ಕೆ ಮನೆ ಅಂಗಳಕ್ಕೆ ತಂದೆ. ಎರಡು ಪರೀಕ್ಷೆ ಮಾಡಿದೆ.

ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಮೂರನೇ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ಟೆ. ಚೆನ್ನಾಗಿರುವ ಕ್ಲಚ್ ಆದರೆ ಎಂಜಿನ್ ತಕ್ಷಣ ಬಂದ್ ಆಗಬೇಕು. ನನ್ನದು ಮೂರು ನಾಲ್ಕು ಸೆಕೆಂಡ್ ಓಡುತ್ತಲೇ ಇತ್ತು. ಇದನ್ನು ಒಮ್ಮೆ ಮಾಡಿದರೆ ಸಾಕು, ಸುಮ್ನೆ ಮತ್ತೆ ಮತ್ತೆ ಮಾಡಿದರೆ ಕ್ಲಚ್ಚಿನೊಳಗೆ ಸವೆಯದೆ ಉಳಿದ ಪ್ಲೇಟೂ ಸುಡುತ್ತದೆ.

ಎರಡನೆಯದು ಪೆಡಲ್ ಫ್ರೀ ಪ್ಲೇ. ಪೆಡಲ್ ಪಕ್ಕ ಮಗಳ ಸ್ಕೇಲ್ ಹಿಡಿದು, ಬೆರಳಿನಿಂದ ಒತ್ತಿ ನೋಡಿದೆ. ಗಟ್ಟಿಯಾಗುವ ಮೊದಲು ಪೆಡಲ್ 20 ಮಿ.ಮೀ. ಆಸುಪಾಸು ಸಡಿಲವಾಗಿ ಹೋಗಬೇಕು. ಇಲ್ಲಿ ಸಿಕ್ಕಿದ್ದು 3 ಮಿ.ಮೀ. ಅಂದರೆ ಪೆಡಲಿನಿಂದ ಕಾಲು ತೆಗೆದರೂ ಕ್ಲಚ್ ಸ್ವಲ್ಪ ಒತ್ತಿದ ಹಾಗೇ ಇರಬಹುದು. ಪ್ಲೇಟ್ ಸವೆದ ಹಾಗೆ ಈ ಸಡಿಲ ತಾನಾಗಿ ಕಡಿಮೆಯಾಗುತ್ತಾ ಬರುತ್ತದೆ.

ಗೇರ್ ಬಾಕ್ಸ್ ಕಡೆ ಕೇಬಲ್ ತುದಿಯಲ್ಲಿರುವ ಅಡ್ಜಸ್ಟ್ ನಟ್ ಬಿಟ್ಟು 20 ಮಿ.ಮೀ. ಮಾಡಿದೆ. ಗಾಡಿ ಎಳೆಯಿತು! ಕೆಲಸ ಮುಗಿಯಿತು ಅಂತ ಖುಷಿಪಟ್ಟೆ.

ಏಪ್ರಿಲ್ 20

ಖುಷಿ ಆರು ದಿನ ಇತ್ತು. ಮತ್ತೆ ಜಾರತೊಡಗಿತು. ಪೆಡಲ್ ತುಂಬ ಗಟ್ಟಿ ಅನ್ನಿಸುತ್ತಿತ್ತು, ಕೇಬಲ್ ಹೊರಗಿನ ಕವಚ ಒಂದು ಕಡೆ ಬಿರುಕು ಬಿಟ್ಟು ಒಳಗೆ ತುಕ್ಕು ಕಾಣುತ್ತಿತ್ತು. ಕೇಬಲ್ ಹಿಡಿದುಕೊಂಡು ಪೂರ್ತಿ ವಾಪಸ್ ಬರುತ್ತಿಲ್ಲ, ಅದಕ್ಕೇ ಜಾರುತ್ತಿದೆ ಅಂತ ತೀರ್ಮಾನಿಸಿ ಹೊಸ ಕೇಬಲ್ ಹಾಕಿದೆ. 320 ರೂಪಾಯಿ, ಒಂದು ಗಂಟೆ ಕೆಲಸ. ಪೆಡಲ್ ಬೆಣ್ಣೆ ಹಾಗೆ ಆಯಿತು. ಜಾರುವುದು ಮಾತ್ರ ಹಾಗೇ ಉಳಿಯಿತು.

ಇದು ನನ್ನ ಮೊದಲ ತಪ್ಪು. ಕೇಬಲ್ ಬದಲಿಸುವ ಮೊದಲು ಅದರ ತುದಿ ಕಳಚಿ ಒಮ್ಮೆ ಗಾಡಿ ಓಡಿಸಿ ನೋಡಬಹುದಿತ್ತು. ಕೇಬಲ್ ಇಲ್ಲದೆ ಕ್ಲಚ್ ಪೂರ್ತಿ ಹಿಡಿದೇ ಇರುತ್ತದೆ. ಎಂಜಿನ್ ಬಂದ್ ಮಾಡಿ ಮೊದಲನೇ ಗೇರ್ ಹಾಕಿ ಸ್ಟಾರ್ಟ್ ಮಾಡಿದರೆ ಅಂಗಳದಲ್ಲಿ ಹತ್ತು ಮೀಟರ್ ಹೋಗುತ್ತದೆ. ಆಗಲೂ ಜಾರಿದರೆ ಕೇಬಲ್ ಕಾರಣವಲ್ಲ, ಒಳಗೇ ಏನೋ ಆಗಿದೆ ಅಂತ ಗೊತ್ತಾಗುತ್ತಿತ್ತು. ಈ ಪರೀಕ್ಷೆಗೆ ಒಂದು ರೂಪಾಯಿಯೂ ಬೇಡ.

ಏಪ್ರಿಲ್ 26, ಸಾಮಾನು

ಮಡಿಕೇರಿಯ ಗ್ಯಾರೇಜಿನಲ್ಲಿ ಕೇಳಿದಾಗ ಸಾಮಾನು, ಕೂಲಿ ಸೇರಿ 5,500 ರೂಪಾಯಿ ಅಂದರು. ಅಲ್ಲಿಯವರೆಗೆ ಗಾಡಿ ಮುಟ್ಟಿಸುವುದೇ ಕಷ್ಟ. ಮನೆಯಲ್ಲೇ ಮಾಡೋಣ ಅಂತ ಭಾವ ಧೈರ್ಯ ಕೊಟ್ಟರು. ಅವರು ತೋಟದ ಜೀಪು, ಪಂಪ್‌ಸೆಟ್ಟು ಎಲ್ಲ ಬಿಚ್ಚಿ ಅಭ್ಯಾಸ ಇದ್ದವರು.

ಕ್ಲಚ್ ಸೆಟ್, ಅಂದರೆ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಸೇರಿ 2,650. ಗೇರ್ ಆಯಿಲ್ ಮೂರು ಲೀಟರ್ 900. ಬ್ರೇಕ್ ಕ್ಲೀನರ್ ಸ್ಪ್ರೇ 280. ಎಮರಿ ಪೇಪರ್, ಗ್ರೀಸ್, ಸ್ಪ್ಲಿಟ್ ಪಿನ್ ಎಲ್ಲ ಸೇರಿ 150. ಪ್ಲೇಟ್ ಒಂದನ್ನೇ ಬದಲಿಸಿ ದುಡ್ಡು ಉಳಿಸುವ ಯೋಚನೆ ಬೇಡ. ಗೇರ್ ಬಾಕ್ಸ್ ಇಳಿಸುವ ಶ್ರಮ ಎರಡಕ್ಕೂ ಒಂದೇ.

ಮೇ 3, ಇಳಿಸಿದ್ದು

ಕೆಲಸಕ್ಕೆ ಕಾಫಿ ಒಣಗಿಸುವ ಕಣವನ್ನೇ ಆರಿಸಿಕೊಂಡೆವು. ರೋಬಸ್ಟಾ ಒಣಗಿ ಚೀಲ ಸೇರಿಯಾಗಿತ್ತು, ಕಣ ಖಾಲಿ. ಸಿಮೆಂಟ್ ನೆಲ, ಮಟ್ಟಸ. ನಮ್ಮ ಕಡೆ ಮನೆಯ ಸುತ್ತ ಜಾಕ್ ಇಡಲು ಇಷ್ಟು ಸಪಾಟು ಜಾಗ ಬೇರೆ ಸಿಗುವುದಿಲ್ಲ.

ಮುಂದಿನ ಎರಡೂ ಕಡೆ ಎತ್ತಿ ಸ್ಟ್ಯಾಂಡ್ ಕೊಟ್ಟೆವು. ಬಿಚ್ಚಿದ ಚಕ್ರಗಳನ್ನು ಬಾಗಿಲ ಕೆಳಗೆ ಅಡ್ಡ ಮಲಗಿಸಿದೆವು. ಸ್ಟ್ಯಾಂಡ್ ಜಾರಿದರೂ ಗಾಡಿ ಚಕ್ರದ ಮೇಲೆ ಕೂರಬೇಕು, ಮನುಷ್ಯರ ಮೇಲಲ್ಲ.

ಬಿಚ್ಚಿದ ಕ್ರಮ ಹೀಗೆ. ಗೇರ್ ಆಯಿಲ್ ಬಕೆಟ್ಟಿಗೆ ಇಳಿಸಿದೆವು. ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟ್ ವೈರ್, ಅರ್ತ್ ವೈರ್ ತೆಗೆದೆವು. ಸ್ಟಾರ್ಟರ್ ಮೋಟರ್ ಬಿಚ್ಚುವಾಗ ಸ್ಪ್ಯಾನರ್ ತಾಗಿ ದೊಡ್ಡ ಕಿಡಿ ಹಾರಿತು. ಬ್ಯಾಟರಿಯ ನೆಗೆಟಿವ್ ತೆಗೆದಿರಲಿಲ್ಲ. ಅದೇ ಮೊದಲನೇ ಕೆಲಸ ಆಗಬೇಕಿತ್ತು. ಆಮೇಲೆ ಗೇರ್ ರಾಡುಗಳು. ಚಕ್ರದ ನಡುವಿನ ಹಬ್ ನಟ್ ಮುಟ್ಟಲಿಲ್ಲ. ಕೆಳಗಿನ ಬಾಲ್ ಜಾಯಿಂಟಿನ ಬೋಲ್ಟ್ ತೆಗೆದು ಹಬ್ಬನ್ನು ಹೊರಕ್ಕೆ ವಾಲಿಸಿದರೆ ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ದಂಡದ, ಅಂದರೆ ಆಕ್ಸಲಿನ, ಒಳತುದಿ ಕೀಳಲು ಜಾಗ ಸಿಗುತ್ತದೆ. ಬಲಗಡೆಯದು ಒಂದೇ ಏಟಿಗೆ ಬಂತು. ಎಡಗಡೆಯದು ಬರಲಿಲ್ಲ. ದೊಡ್ಡ ಸ್ಕ್ರೂ ಡ್ರೈವರ್ ಆಳಕ್ಕೆ ತೂರಿಸಿ ಮೀಟಿದೆ. ಆಕ್ಸಲ್ ಬಂತು, ಆದರೆ ಅಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಆಯಿಲ್ ಸೀಲಿನ ತುಟಿಗೆ ಸಣ್ಣ ಗಾಯವಾಯಿತು. ನೋಡಿದೆ. ಪರವಾಗಿಲ್ಲ ಅಂದುಕೊಂಡೆ.

ಎಂಜಿನ್ ತೂಗಿ ಹಿಡಿಯಲು ಸಿಲ್ವರ್ ಓಕ್ ಮರದ ಒಂದು ಗಳು ಬಳಸಿದೆವು. ಎರಡು ಮಡ್‌ಗಾರ್ಡಿನ ಮೇಲೆ ಗೋಣಿಚೀಲ ಹಾಸಿ, ಗಳು ಅಡ್ಡ ಇಟ್ಟು, ಎಂಜಿನ್ನಿನ ಕೊಕ್ಕೆಗೆ ನೈಲಾನ್ ಹಗ್ಗ ಬಿಗಿದೆವು. ಮೂರು ಸಿಲಿಂಡರಿನ ಸಣ್ಣ ಎಂಜಿನ್ ಆದ್ದರಿಂದ ನಡೆಯಿತು. ಗೇರ್ ಬಾಕ್ಸ್ ಕಡೆಯ ಮೌಂಟಿಂಗ್ ಬಿಚ್ಚಿ, ಕ್ಲಚ್ಚನ್ನು ಮುಚ್ಚಿರುವ ಕವಚದ, ಅಂದರೆ ಹೌಸಿಂಗಿನ, ಬೋಲ್ಟ್ ತೆಗೆದು, ಇಬ್ಬರೂ ಸೇರಿ ಕೆಳಗಿಳಿಸಿದಾಗ ಮಧ್ಯಾಹ್ನ ಎರಡೂವರೆ. ಶುರು ಮಾಡಿದ್ದು ಎಂಟಕ್ಕೆ.

ಪ್ರೆಶರ್ ಪ್ಲೇಟಿನ ಆರು ಬೋಲ್ಟುಗಳನ್ನು ಒಂದೊಂದು ಸುತ್ತಿನಂತೆ, ಎದುರು ಬದುರಾಗಿ ಸಡಿಲಿಸಿದೆವು. ಹಳೆಯ ಪ್ಲೇಟ್ ಕೈಗೆ ಬಂತು. ಅದರ ಲೈನಿಂಗ್, ಅಂದರೆ ಸವೆಯುವ ಪದರ, ಅದನ್ನು ಹಿಡಿದಿರುವ ರಿವೆಟ್ ತಲೆಯ ಮೇಲೆ ಕನಿಷ್ಠ 0.5 ಮಿ.ಮೀ. ಉಳಿದಿರಬೇಕು. ಒಂದು ಬದಿಯಲ್ಲಿ 0.3 ಇತ್ತು, ಇನ್ನೊಂದು ಬದಿಯಲ್ಲಿ ರಿವೆಟ್ ಮುಟ್ಟಿಯೇ ಹೋಗಿತ್ತು. ಕಾರಣ ಸಿಕ್ಕಿತು ಅಂತ ಇಬ್ಬರಿಗೂ ಸಮಾಧಾನ.

ಈಗ ಮುಖ್ಯವಾದ ತಪ್ಪು. ಹೌಸಿಂಗಿನ ಒಳಗೆ, ಕೆಳಭಾಗದಲ್ಲಿ ಕಪ್ಪು ಜಿಡ್ಡು ಇತ್ತು. ಕ್ಲಚ್ಚಿನ ಧೂಳು ಸೇರಿ ಮೆತ್ತಿಕೊಂಡ ಜಿಡ್ಡು. ಎಂಜಿನ್ ತುದಿಯಲ್ಲಿ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಅದರ ಹಿಂದೆ ಕೈ ಹಾಕಿದಾಗ ಬೆರಳು ಒದ್ದೆಯಾಯಿತು. ‘ಇಷ್ಟು ವರ್ಷದ ಗಾಡಿ, ಇಷ್ಟಾದರೂ ಇರಲ್ವಾ’ ಅಂತ ಹೇಳಿ ಬಟ್ಟೆಯಲ್ಲಿ ಒರೆಸಿ, ಸ್ಪ್ರೇ ಹೊಡೆದು ಫಳಫಳ ಮಾಡಿದೆ. ಆ ಒದ್ದೆ ಎಲ್ಲಿಂದ ಬಂತು ಅಂತ ಕೇಳಿಕೊಳ್ಳಲೇ ಇಲ್ಲ.

ಮೇ 4, ಏರಿಸಿದ್ದು

ಫ್ಲೈವೀಲ್ ಮೇಲೆ ಸುಟ್ಟ ನೀಲಿ ಕಲೆ ಇತ್ತು, ಬಿರುಕು ಇರಲಿಲ್ಲ. 120 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿದೆ.

ಹೊಸ ಪ್ಲೇಟನ್ನು ಕಣ್ಣಳತೆಯಲ್ಲೇ ಮಧ್ಯಕ್ಕೆ ಕೂರಿಸಿ ಬೋಲ್ಟ್ ಬಿಗಿದೆ. ಗೇರ್ ಬಾಕ್ಸ್ ಕೂರಲಿಲ್ಲ. ಒಂದು ಬೆರಳಷ್ಟು ಅಂತರ ಉಳಿಯುತ್ತಿತ್ತು. ಎರಡು ಗಂಟೆ ಅಲ್ಲಾಡಿಸಿದೆವು, ತಿರುಗಿಸಿದೆವು, ಜಾಕ್ ಏರಿಸಿ ಇಳಿಸಿದೆವು. ಬೋಲ್ಟ್ ಹಾಕಿ ಬಿಗಿದು ಎಳೆದುಕೊಳ್ಳೋಣ ಅಂತ ನಾನು ಸ್ಪ್ಯಾನರ್ ಹಿಡಿದೆ. ಭಾವ ಕೈ ಹಿಡಿದು ತಡೆದರು. ‘ಬೇಡ ಮಾರಾಯ, ಹೌಸಿಂಗ್ ಒಡೆದುಹೋದ್ರೆ ಎಲ್ಲಿಂದ ತರ್ತೀಯ?’ ಹಾಗೆ ಎಳೆದಿದ್ದರೆ ಪ್ಲೇಟಿನ ನಡುವಿನ ಹಲ್ಲೂ ಬಾಗುತ್ತಿತ್ತು.

ಮತ್ತೆ ಇಳಿಸಿದೆವು. ಭಾವ ಒಣಗಿದ ಕಾಫಿ ಗಿಡದ ಕಾಂಡದಿಂದ ಒಂದು ಗೇಣು ಉದ್ದದ ಗೂಟ ಕೆತ್ತಿದರು. ಕಾಫಿ ಕಟ್ಟಿಗೆ ಗಟ್ಟಿ, ಸಿಬಿರು ಏಳುವುದಿಲ್ಲ. ತುದಿ ಫ್ಲೈವೀಲ್ ನಡುವಿನ ಸಣ್ಣ ಬೇರಿಂಗಿಗೆ ಸರಿಹೋಗುವಷ್ಟು, ಅದರ ಹಿಂದೆ ಇನ್ಸುಲೇಷನ್ ಟೇಪ್ ಸುತ್ತಿ ಪ್ಲೇಟಿನ ಹಲ್ಲಿನೊಳಗೆ ಬಿಗಿಯಾಗಿ ಕೂರುವಷ್ಟು ದಪ್ಪ. ಆರೂ ಬೋಲ್ಟ್ ಸಡಿಲಿಸಿ, ಗೂಟ ತೂರಿಸಿ, ಪ್ಲೇಟ್ ಮಧ್ಯಕ್ಕೆ ಬಂದ ಮೇಲೆ ಬಿಗಿದೆವು. ಟಾರ್ಕ್ 23 ನ್ಯೂಟನ್ ಮೀಟರ್. ಗೂಟ ಎಳೆದು ಗೇರ್ ಬಾಕ್ಸ್ ಎತ್ತಿದರೆ ಐದೇ ನಿಮಿಷದಲ್ಲಿ ‘ಟಕ್’ ಅಂತ ಕೂತಿತು. ಆ ಗೂಟ ಈಗಲೂ ಟೂಲ್ ಪೆಟ್ಟಿಗೆಯಲ್ಲಿದೆ.

ಪ್ಲೇಟಿನ ಮೇಲೆ ‘ಫ್ಲೈವೀಲ್ ಸೈಡ್’ ಅಂತ ಅಚ್ಚಾಗಿರುವ ಮುಖ ಎಂಜಿನ್ ಕಡೆಗೇ ಬರಬೇಕು. ಗೇರ್ ಬಾಕ್ಸ್ ಶಾಫ್ಟಿನ ಹಲ್ಲಿಗೆ ಗ್ರೀಸ್ ಉಗುರು ತುದಿಯಷ್ಟು ಸಾಕು. ಜಾಸ್ತಿ ಹಾಕಿದರೆ ತಿರುಗುವಾಗ ಸಿಡಿದು ಪ್ಲೇಟಿಗೇ ಬೀಳುತ್ತದೆ.

ಗೇರ್ ಆಯಿಲನ್ನು ಲೆವೆಲ್ ತೂತಿನಿಂದ ಹೊರಗೆ ಚೆಲ್ಲುವವರೆಗೆ ತುಂಬಿದೆವು. ಸಂಜೆ ಏಳಕ್ಕೆ ಗಾಡಿ ಏರು ಹತ್ತಿತು. ಸ್ಪೀಡೋಮೀಟರ್ ಕೇಬಲ್ ಸಿಕ್ಕಿಸಲು ಮರೆತಿದ್ದೆವು. ಅದನ್ನು ಮರುದಿನ ಹಾಕಿದೆ.

ಮೇ 11

ಗಾಡಿ ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಹನಿ. ಎಡಗಡೆಯ ಸೀಲಿಗೆ ನಾನೇ ಗಾಯ ಮಾಡಿದ್ದು ತಕ್ಷಣ ನೆನಪಾಯಿತು. ಅದೇ ಸೋರುತ್ತಿದೆ ಅಂತ 110 ರೂಪಾಯಿಯ ಹೊಸ ಸೀಲ್ ತಂದು, ಎಡ ಆಕ್ಸಲ್ ಮತ್ತೆ ಕಿತ್ತು ಹಾಕಿದೆ. ಅರ್ಧ ದಿನ ಹೋಯಿತು. ಅಲ್ಲಿಂದಲೂ ಸ್ವಲ್ಪ ಸೋರುತ್ತಿದ್ದದ್ದು ನಿಜ. ಆದರೆ ಮರುದಿನವೂ ಹನಿ ಬಿದ್ದಿತ್ತು, ಆಕ್ಸಲ್ ಕೆಳಗಲ್ಲ, ಹೌಸಿಂಗ್ ಕೆಳಗೆ. ಹಳೆಯ ಎಣ್ಣೆ ಇಳಿಯುತ್ತಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ.

ಮೇ 19

ಅಪ್ಪನನ್ನು ಮಡಿಕೇರಿಗೆ ಕರೆದುಕೊಂಡು ಹೋಗುವಾಗ ಬೆಟ್ಟಗೇರಿ ಹತ್ತಿರ ಗಾಡಿ ಹೊರಡುವಾಗಲೆಲ್ಲ ಗಡಗಡ ನಡುಗಿತು. ವಾಪಸ್ ಬರುವಾಗ ಜಾರಿತು. ಹದಿನೈದು ದಿನದ ಹೊಸ ಕ್ಲಚ್. ಅಪ್ಪ ಏನೂ ಹೇಳಲಿಲ್ಲ, ಕಿಟಕಿ ಇಳಿಸಿ ಕೂತರು. ನನಗೆ ಬಹಳ ಬೇಜಾರಾಯಿತು.

ನಾಪೋಕ್ಲು ಕಡೆ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಕಾಕ ಅಂತಲೇ ಕರೆಯುವುದು. ಸಂಜೆ ಫೋನ್ ಮಾಡಿ ಮೊದಲಿಂದ ಎಲ್ಲ ಹೇಳಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ.

‘ಹನಿ ಬಿದ್ದಿದ್ದು ಮೂಸಿ ನೋಡಿದ್ಯಾ?’

‘ಇಲ್ಲ ಕಾಕ.’

‘ಎಂಜಿನ್ ಆಯಿಲ್ ಕಡ್ಡಿ ನೋಡಿದ್ಯಾ?’

‘ಇಲ್ಲ.’

‘ಗೇರ್ ಇಳಿಸಿದಾಗ ಫ್ಲೈವೀಲ್ ಹಿಂದೆ ಒಣಗಿತ್ತಾ?’

ಆ ಒದ್ದೆ ಬೆರಳು ನೆನಪಾಯಿತು. ಟಾರ್ಚ್ ಹಿಡಿದು ಕೆಳಗೆ ಹೋದೆ. ಗೇರ್ ಆಯಿಲಿಗೆ ಗಂಧಕದ ಕೆಟ್ಟ ವಾಸನೆ, ಬೆರಳಿಗೆ ಅಂಟುವಷ್ಟು ಮಂದ. ಹೊಸದು ತುಂಬಿದ್ದರಿಂದ ಅದು ಕಪ್ಪಾಗಿರಲು ಸಾಧ್ಯವೇ ಇಲ್ಲ. ನೆಲದ ಮೇಲಿದ್ದದ್ದು ತೆಳು, ಕಪ್ಪು, ಗಂಧಕದ ವಾಸನೆ ಇಲ್ಲ. ಎಂಜಿನ್ ಆಯಿಲ್. ಕಡ್ಡಿ ಎಳೆದು ನೋಡಿದರೆ ಮಟ್ಟ ಕೆಳಗಿನ ಗೆರೆಗೆ ಬಂದಿತ್ತು. ಕ್ರ್ಯಾಂಕ್ ಶಾಫ್ಟಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ) ಹಿಂದಿನ ಆಯಿಲ್ ಸೀಲ್ ಹೋಗಿದೆ. ಅದು ಇರುವುದು ಫ್ಲೈವೀಲ್ ಹಿಂದೆಯೇ.

ಮೇ 24, 25, ಎರಡನೇ ಸಲ

2025ರ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. 2009ರ ನಂತರ ಇಷ್ಟು ಬೇಗ ಬಂದಿದ್ದು ಇದೇ ಮೊದಲು. ನಾವು ಗೇರ್ ಬಾಕ್ಸ್ ಎರಡನೇ ಸಲ ಇಳಿಸಲು ಗೊತ್ತು ಮಾಡಿದ್ದೂ ಅದೇ ದಿನ. ಕಣದ ಮೇಲೆ ನಾಲ್ಕು ಬಿದಿರು ನೆಟ್ಟು ಟಾರ್ಪಾಲ್ ಕಟ್ಟಿದೆವು. ಕಣಕ್ಕೆ ನೀರು ಹರಿದುಹೋಗುವ ಇಳಿಜಾರು ಸ್ವಲ್ಪ ಇದ್ದೇ ಇದೆ, ಆ ನೀರು ಬೆನ್ನಿನ ಕೆಳಗೇ ಹರಿಯಿತು. ಗೋಣಿಯ ಮೇಲೆ ಹಲಗೆ ಹಾಕಿ ಮಲಗಿದೆವು. ಈ ಸಲ ಬ್ಯಾಟರಿ ಮೊದಲೇ ಬಿಚ್ಚಿದ್ದೆ. ಆಕ್ಸಲನ್ನು ಎರಡು ಕಡೆಯಿಂದ ಚಪ್ಪಟೆ ಕಬ್ಬಿಣದಲ್ಲಿ ಸಮನಾಗಿ ಮೀಟಿದೆವು, ಸೀಲ್ ಮುಟ್ಟಲಿಲ್ಲ. ಮೂರೂವರೆ ಗಂಟೆಯಲ್ಲಿ ಗೇರ್ ಬಾಕ್ಸ್ ಕೆಳಗೆ.

ಹೊಸ ಪ್ಲೇಟಿನ ಒಂದು ಮುಖ ಕಪ್ಪಾಗಿ ಹೊಳೆಯುತ್ತಿತ್ತು. ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಲೈನಿಂಗ್ ಒಳಗಿನಿಂದ ಮತ್ತೆ ಎಣ್ಣೆ ಮೇಲೆ ಬಂದಿತ್ತು. ಎಣ್ಣೆ ಕುಡಿದ ಪ್ಲೇಟ್ ಉಳಿಯುವುದಿಲ್ಲ. ಇನ್ನೊಂದು ಪ್ಲೇಟಿಗೆ 1,050. ಪ್ರೆಶರ್ ಪ್ಲೇಟ್ ಮತ್ತು ಫ್ಲೈವೀಲ್ ಲೋಹದವು, ಅವನ್ನು ತೊಳೆದು ಉಜ್ಜಿ ಅವೇ ಹಾಕಿದೆವು.

ಭಾನುವಾರ ಕಾಕ ಮಳೆಯಲ್ಲೇ ಬಂದರು. ಫ್ಲೈವೀಲ್ ಬಿಚ್ಚುವ ಮೊದಲು ಅದಕ್ಕೂ ಕ್ರ್ಯಾಂಕಿಗೂ ಪಂಚಿನಲ್ಲಿ ಒಂದೊಂದು ಚುಕ್ಕೆ ಹೊಡೆದರು, ವಾಪಸ್ ಅದೇ ಜಾಗಕ್ಕೆ ಬರಲಿ ಅಂತ. ಫ್ಲೈವೀಲ್ ಹಲ್ಲಿಗೆ ಪಟ್ಟಿ ಕಬ್ಬಿಣದ ತುಂಡು ಸಿಕ್ಕಿಸಿ ತಿರುಗದ ಹಾಗೆ ಮಾಡಿ ಬೋಲ್ಟ್ ಬಿಚ್ಚಿದರು. ಹಳೆಯ ಸೀಲನ್ನು ಮೀಟುವಾಗ ಸ್ಕ್ರೂ ಡ್ರೈವರ್ ತುದಿ ಶಾಫ್ಟಿಗೆ ತಾಗದಂತೆ ಬಟ್ಟೆ ಸುತ್ತಿದ್ದರು. ಶಾಫ್ಟ್ ಮೇಲೆ ಒಂದು ಗೆರೆ ಬಿದ್ದರೂ ಹೊಸ ಸೀಲ್ ಸೋರುತ್ತದೆ. ಹೊರಬಂದ ಸೀಲ್ ರಬ್ಬರಿನ ಹಾಗೆ ಇರಲೇ ಇಲ್ಲ. ಉಗುರಿನಿಂದ ಒತ್ತಿದರೆ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ, ತುಟಿಯಲ್ಲಿ ಸೀಳು.

ಹೊಸ ಸೀಲ್ 180 ರೂಪಾಯಿ. ತುಟಿಗೆ ಎಂಜಿನ್ ಆಯಿಲ್ ಸವರಿ, ಚಪ್ಪಟೆ ಮರದ ತುಂಡು ಇಟ್ಟು ಸುತ್ತಲೂ ಸಮನಾಗಿ ಬಡಿದು ಕೂರಿಸಿದರು. ಮುಗಿಸುವ ಮೊದಲು ಎಂಜಿನ್ನಿನೊಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಿತ್ತು ಊದಿ ನೋಡಿದರು. ಅರ್ಧ ಕಟ್ಟಿಕೊಂಡಿತ್ತು. ಅದು ಕಟ್ಟಿದರೆ ಎಂಜಿನ್ ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನ ಕಡೆ ತಳ್ಳುತ್ತದೆ ಅಂದರು. ಅದನ್ನು ನಾನೇ ಸೀಮೆಎಣ್ಣೆಯಲ್ಲಿ ತೊಳೆದೆ. ಕಾಕನಿಗೆ 800 ಕೊಟ್ಟೆ, ಅವರು ಕೇಳಿದ್ದು ಅದಕ್ಕಿಂತ ಕಮ್ಮಿ.

ಕಾಫಿ ಗೂಟ ಹಾಕಿದೆವು, ಗೇರ್ ಬಾಕ್ಸ್ ಮೊದಲ ಪ್ರಯತ್ನಕ್ಕೇ ಕೂತಿತು. ಗೇರ್ ಆಯಿಲನ್ನು ಈ ಸಲ ಸ್ವಚ್ಛ ಪಾತ್ರೆಗೆ ಇಳಿಸಿ ಮುಚ್ಚಿಟ್ಟಿದ್ದೆವು. ಬಟ್ಟೆಯಲ್ಲಿ ಸೋಸಿ ಅದನ್ನೇ ಹಾಕಿ, ಕಮ್ಮಿ ಬಿದ್ದದ್ದನ್ನು ಡಬ್ಬಿಯಲ್ಲಿ ಉಳಿದದ್ದರಿಂದ ತುಂಬಿದೆವು. ಫ್ರೀ ಪ್ಲೇ 20 ಮಿ.ಮೀ.

ಖರ್ಚು

ಕೇಬಲಿನಿಂದ ಕಾಕನವರೆಗೆ ಎಲ್ಲ ಸೇರಿ 6,440 ರೂಪಾಯಿ. ಇದರಲ್ಲಿ ಎರಡನೇ ಪ್ಲೇಟಿನ 1,050 ಪೂರ್ತಿ ನನ್ನ ತಪ್ಪಿನ ಬೆಲೆ. ಆಕ್ಸಲ್ ಸೀಲಿನ 110 ಕೂಡ. ಕೇಬಲ್ ಹೇಗೂ ಈ ಮಳೆಗಾಲ ದಾಟುತ್ತಿರಲಿಲ್ಲ, ಅದನ್ನು ನಷ್ಟಕ್ಕೆ ಸೇರಿಸುವುದಿಲ್ಲ. ಮೇ 3ರಂದು ಆ 180 ರೂಪಾಯಿಯ ಸೀಲ್ ಹಾಕಿದ್ದರೆ ಎರಡು ದಿನ ಮಳೆಯಲ್ಲಿ ಮಲಗುವುದೂ ತಪ್ಪುತ್ತಿತ್ತು. ಇನ್ನು ಯಾರ ಗಾಡಿಯ ಗೇರ್ ಬಾಕ್ಸ್ ಇಳಿಸಿದರೂ ಸೀಲ್ ಮೊದಲೇ ತಂದಿಟ್ಟುಕೊಂಡೇ ಇಳಿಸುತ್ತೇನೆ. ಫ್ಲೈವೀಲ್ ಹಿಂದೆ ಒದ್ದೆ ಕಂಡರೆ ಒರೆಸುವ ಮೊದಲು ಮೂಸುತ್ತೇನೆ.

ಗೇಟು

ಹಳೆಯ ಪ್ಲೇಟಿನ ಲೈನಿಂಗ್ ಸವೆದದ್ದು ಮಾತ್ರ ಸೀಲಿನಿಂದಲ್ಲ, ನಮ್ಮಿಂದ. ಏರಿನ ಮಧ್ಯೆ ಗೇಟಿನ ಮುಂದೆ ಹಾಫ್ ಕ್ಲಚ್ಚಿನಲ್ಲಿ ಗಾಡಿ ಹಿಡಿದುಕೊಂಡು ಹಾರ್ನ್ ಹಾಕುವುದು, ಮನೆಯಿಂದ ಯಾರಾದರೂ ಬಂದು ಗೇಟು ತೆಗೆಯುವವರೆಗೆ ಕಾಯುವುದು. ದಿನಕ್ಕೆ ಎರಡು ಸಲ, ವರ್ಷಗಟ್ಟಲೆ. ಜೂನಿನಲ್ಲಿ ಗೇಟನ್ನೇ ಕೆಳಗೆ, ರಸ್ತೆ ಪಕ್ಕದ ಸಪಾಟು ಜಾಗಕ್ಕೆ ತಂದು ನಿಲ್ಲಿಸಿದೆವು. ಈಗ ಹ್ಯಾಂಡ್ ಬ್ರೇಕ್ ಹಾಕಿ ಇಳಿದು ನಾನೇ ತೆಗೆಯುತ್ತೇನೆ.

ಸೆಪ್ಟೆಂಬರ್ 14

ಹೊಸ ಸೀಲ್ ಹಾಕಿದ ಮೇಲೆ 1,870 ಕಿ.ಮೀ. ಓಡಿದೆ. ಮಳೆ ಸ್ವಲ್ಪ ಬಿಡುವು ಕೊಟ್ಟದ್ದರಿಂದ ಅಪ್ಪ, ಅಮ್ಮ, ಭಾವ ಮೂವರನ್ನೂ ಕೂರಿಸಿಕೊಂಡು ಭಾಗಮಂಡಲದಿಂದ ತಲಕಾವೇರಿಗೆ ಹತ್ತಿಸಿದೆ. ಎರಡನೇ ಗೇರಿನಲ್ಲಿ ಎಲ್ಲೂ ಜಾರಲಿಲ್ಲ, ವಾಸನೆ ಬರಲಿಲ್ಲ. ಇಳಿದು ಬಂದ ಮೇಲೆ ಸ್ಕೇಲ್ ಹಿಡಿದು ನೋಡಿದೆ, ಫ್ರೀ ಪ್ಲೇ 18 ಮಿ.ಮೀ. ರಾತ್ರಿ ಹೌಸಿಂಗ್ ಕೆಳಗೆ ರಟ್ಟು ಇಟ್ಟೆ. ಬೆಳಿಗ್ಗೆ ಅಪ್ಪನೇ ಮೊದಲು ಹೋಗಿ ಬಗ್ಗಿ ನೋಡಿ ‘ಒಣಗಿದೆ’ ಅಂದರು.